ಪೆಟ್ಟಿಗೆಯೊಳಗೆ ಹದಿನಾರು ಊರು ಕಟ್ಟಿದ ಅತ್ತೆ

ನಮ್ಮ ಅತ್ತೆಯಷ್ಟು ಸೋಮಾರಿ ಹೆಂಗಸನ್ನು ನೀವು ಹೊಸಪೇಟೆಯಿಂದ ಕಂಪ್ಲಿಯವರೆಗೆ ಎಲ್ಲಿ ಹುಡುಕಿದರೂ ಕಾಣಲಾರಿರಿ. ಅತ್ತೆ ಎಂದರೆ ಹೆಂಡತಿಯ ತಾಯಿಯಲ್ಲ, ಅವರ ಬಗ್ಗೆ ಹೀಗೆಲ್ಲ ಬರೆಯುವ ಧೈರ್ಯ ನನಗಿಲ್ಲ! ಇವಳು ನಮ್ಮಪ್ಪನ ತಂಗಿ. ಹೊಸಪೇಟೆಯ ಒಂದು ಡಿಪ್ಲೊಮಾ ಕಾಲೇಜಿನಲ್ಲಿ ಹೋದ ವರ್ಷದವರೆಗೂ ಕಂಪ್ಯೂಟರ್ ಪಾಠ ಹೇಳುತ್ತಿದ್ದಳು. ಮದುವೆಯ ಗೋಜಿಗೆ ಹೋಗದೆ, ಟಿ.ಬಿ. ಡ್ಯಾಂ ಕ್ವಾರ್ಟರ್ಸಿನ ನಮ್ಮ ಮನೆಯಲ್ಲೇ ಇದ್ದಾಳೆ. ಅವಳ ಸೋಮಾರಿತನವೇನು ಸಾಮಾನ್ಯದ್ದಲ್ಲ. ಹತ್ತು ನಿಮಿಷದ ಕೆಲಸ ತಪ್ಪಿಸಿಕೊಳ್ಳಲು ಮೂರು ತಿಂಗಳು ಹಗಲೆಲ್ಲ ಮೈಮುರಿದು ದುಡಿಯುವ ಸೋಮಾರಿತನ!

"ಒಂದು ಕೆಲಸನ ಮನುಷ್ಯಾ ಒಮ್ಮೆ ಮಾಡಬೇಕು. ಎರಡನೇ ಸಲ ಅದನ್ನ ಮಷೀನ್ ಮಾಡಬೇಕು. ಮೂರನೇ ಸಲಾನೂ ಮನುಷ್ಯಾನ ಮಾಡಾಕತ್ತಾನ ಅಂದ್ರ, ಅವನ ತಲಿಯೊಳಗ ಏನೋ ಕೆಟ್ಟೈತಿ ಅಂತ ಅರ್ಥ" ಎನ್ನುವುದು ಅವಳ ಸಿದ್ಧಾಂತ. ಇದನ್ನು ಹೇಳುವಾಗ ನನ್ನ ಕಡೆಗೇ ಯಾಕೆ ನೋಡುತ್ತಾಳೆ ಎನ್ನುತ್ತೀರಾ? ನಾನು ಕಾಲುವೆ ಕಚೇರಿಯಲ್ಲಿ ಗುಮಾಸ್ತ. ಇಪ್ಪತ್ತು ವರ್ಷಗಳಿಂದ ಒಂದೇ ಪತ್ರವನ್ನು ತಾರೀಖು ಬದಲಿಸಿ ಬರೆಯುತ್ತಿದ್ದೇನೆ.

ಈ ಸಿದ್ಧಾಂತದ ಮೊದಲ ಬಲಿ ನನ್ನ ಮದುವೆ. ಲಗ್ನಪತ್ರಿಕೆಯ ಲಕೋಟೆಗಳ ಮೇಲೆ ವಿಳಾಸ ಬರೆಯಲು ಅಮ್ಮ ಪೆನ್ನು ಹಿಡಿದು ಕೂತಿದ್ದಳು. ಅತ್ತೆ ಪೆನ್ನು ಕಸಿದುಕೊಂಡಳು. "ವೈನಿ, ಇದನ್ನೆಲ್ಲ ಕೈಲೆ ಬರೀತಾರೇನು? ಬಿಡ್ರಿ ನನಗ." ಒಂದು ವಾರ ಕಂಪ್ಯೂಟರಿನ ಮುಂದೆ ಕೂತು ಅದೇನೋ ಪ್ರೋಗ್ರಾಂ ಬರೆದಳು. ಎಂಟನೇ ದಿನ ಲಕೋಟೆಗಳು ಪಟಪಟನೆ ಅಚ್ಚಾಗಿ ಬಿದ್ದವು. ಅಂಚೆಗೂ ಹೋದವು. ಆಮೇಲೆ ಗೊತ್ತಾಯಿತು, ನಡುವಿನ ನಲವತ್ತು ಲಕೋಟೆಗಳ ಮೇಲೆ ಒಂದೇ ವಿಳಾಸ ಬಿದ್ದಿತ್ತು: ಸಂಡೂರಿನ ಮಾವನದು! ಬರಬೇಕಾದ ಮೂವತ್ತೊಂಬತ್ತು ಮನೆಯವರು ಇವತ್ತಿಗೂ ನಮ್ಮ ಮೇಲೆ ಮುನಿಸಿಕೊಂಡಿದ್ದಾರೆ. ಸಂಡೂರಿನ ಮಾವ ಮಾತ್ರ ಹೆಂಡತಿ, ಮಕ್ಕಳು, ಬೀಗರು, ಪಕ್ಕದ ಮನೆಯವರು ಎಲ್ಲರನ್ನೂ ಟೆಂಪೋದಲ್ಲಿ ತುಂಬಿಕೊಂಡು ಬಂದು ಮೂರು ದಿನ ಠಿಕಾಣಿ ಹೂಡಿದರು. "ಅಲ್ರೀ, ನಲವತ್ತು ಸಲ ಕರದ ಮ್ಯಾಲ ಬರದ ಇರಾಕ ಆಗತೈತೇನು?" ಎಂದರು. ನ್ಯಾಯವಾದ ಮಾತೇ!

ಈಗ ಅಸಲು ಕತೆಗೆ ಬರುತ್ತೇನೆ. ಐದು ವರ್ಷಗಳ ಹಿಂದೆ ಅತ್ತೆಗೆ ಡಾಟಾ ಸೆಂಟರ್ ಕಟ್ಟುವ ಹುಚ್ಚು ಹಿಡಿಯಿತು. ಡಾಟಾ ಸೆಂಟರ್ ಎಂದರೆ ಸಾವಿರಾರು ಕಂಪ್ಯೂಟರುಗಳು ಸಾಲಾಗಿ ನಿಂತಿರುವ ದೊಡ್ಡ ಕಟ್ಟಡ. ನೀವು ಫೋನಿನಲ್ಲಿ ತೆಗೆದ ಮೊಮ್ಮಗನ ಫೋಟೊ ಹೋಗಿ ಕೂರುವುದು ಅಂಥಲ್ಲೇ. ಆ ಕಂಪ್ಯೂಟರುಗಳ ನಡುವೆ ಮಾಹಿತಿ ಓಡಾಡಲು ಸ್ವಿಚ್ ಎಂಬ ಪೆಟ್ಟಿಗೆಗಳಿರುತ್ತವೆ. ನಮ್ಮ ಬಸ್ ಸ್ಟ್ಯಾಂಡ್ ಇದ್ದ ಹಾಗೆ. ಯಾವ ಬಸ್ಸು ಎಲ್ಲಿಗೆ ಎಂದು ಹೇಳುವುದು ಅವುಗಳ ಕೆಲಸ. "ಹುಡುಗರಿಗೆ ಇದನ್ನ ಕಲಿಸದನ ಹೊರಗ ಕಳಸೋದು ಮೋಸ" ಎಂದು ಅತ್ತೆ ಹದಿನಾರು ಸ್ವಿಚ್ ಬೇಕೆಂದು ಅರ್ಜಿ ಹಾಕಿದಳು. ಪ್ರಿನ್ಸಿಪಾಲರು ನಕ್ಕು ಕಳಿಸಿದರು. ಅತ್ತೆ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಸರ್ವರ್ ಎಂಬ ಒಂದು ಹಳೇ ದೊಡ್ಡ ಕಂಪ್ಯೂಟರನ್ನು ಒರೆಸಿ, ಅದರೊಳಗೆ ಬರೀ ಪ್ರೋಗ್ರಾಂನಿಂದಲೇ ಹದಿನಾರು ಸ್ವಿಚ್ಚುಗಳನ್ನೂ ಮಾಡಿಟ್ಟಳು! ಕಣ್ಣಿಗೆ ಕಾಣುವುದಿಲ್ಲ, ಕೈಗೆ ಸಿಗುವುದಿಲ್ಲ, ಆದರೆ ನಿಜವಾದವು ಮಾಡುವ ಕೆಲಸವನ್ನೆಲ್ಲ ಮಾಡುತ್ತವೆ.

ಹದಿನಾರು ಸ್ವಿಚ್ ಬಂದಿವೆಯೆಂಬ ಸುದ್ದಿ ಸ್ಟೋರ್ ಕೀಪರಿಗೆ ಮುಟ್ಟಿತು. ಅವರು ಬಿಳಿ ಬಣ್ಣ, ಬ್ರಷ್ಷು ಹಿಡಿದು ನಂಬರ್ ಬರೆಯಲು ಬಂದರು.

"ಎಲ್ಲಿ ಅದಾವ್ರಿ ಮೇಡಂ?"

"ಇದರೊಳಗ ಅದಾವ್ರಿ."

"ಇದು ಒಂದ ಐತಲ್ರಿ!"

"ಒಳಗ ಹದಿನಾರು ಅದಾವ್ರಿ."

ಅವರು ಪೆಟ್ಟಿಗೆಯ ಸುತ್ತ ಎರಡು ಪ್ರದಕ್ಷಿಣೆ ಹಾಕಿದರು. ಬಗ್ಗಿ ಕಿವಿಗೊಟ್ಟು ಕೇಳಿದರು. ಕೊನೆಗೆ ಆ ಒಂದೇ ಪೆಟ್ಟಿಗೆಯ ಮೇಲೆ ಒಂದರಿಂದ ಹದಿನಾರರವರೆಗೆ ನೀಟಾಗಿ ನಂಬರ್ ಬರೆದು, "ಯಾವುದಾದರ ಕಳದ್ರ ನೀವ ಜವಾಬ್ದಾರ್ರು ನೋಡ್ರಿ" ಎಂದು ಹೇಳಿ ಹೋದರು.

ಸ್ವಿಚ್ಚುಗಳಿಗೆ ಅತ್ತೆ ನಮ್ಮ ಸುತ್ತಲಿನ ಊರುಗಳ ಹೆಸರಿಟ್ಟಿದ್ದಳು. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ, ಇವು ನಾಲ್ಕು ಹಿರಿಯವು. ಗಾದಿಗನೂರು, ಎಮ್ಮಿಗನೂರು ಮೊದಲಾದ ಹನ್ನೆರಡು ಕಿರಿಯವು. ಪ್ರತಿ ಕಿರಿಯ ಊರಿಗೂ ನಾಲ್ಕೂ ಹಿರಿಯ ಊರುಗಳಿಂದ ನೇರ ರಸ್ತೆ. ಹಂಪಿಯ ದಾರಿ ಬಂದಾದರೆ ಸಂಡೂರಿನ ಮೇಲೆ ಹೋಗು. ಅದೂ ಬಂದಾದರೆ ಕಂಪ್ಲಿಯ ಮೇಲೆ. ನಿಜವಾದ ಊರುಗಳಿಗೆ ಇಂಥ ರಸ್ತೆ ಇದ್ದಿದ್ದರೆ ನಾನು ದಿನಾ ಕಚೇರಿಗೆ ಸರಿಯಾದ ಹೊತ್ತಿಗೆ ಹೋಗುತ್ತಿದ್ದೆನೋ ಏನೋ!

ತೊಂದರೆಯೆಂದರೆ, ಈ ಒಂದೊಂದು ಸ್ವಿಚ್ಚಿಗೂ ನಿನ್ನ ಹೆಸರೇನು, ವಿಳಾಸವೇನು, ನೆರೆಯವರು ಯಾರು ಎಂದು ಸಾಲು ಸಾಲಾಗಿ ಟೈಪು ಮಾಡಿ ಹೇಳಬೇಕು. ಒಂದಕ್ಕೆ ನಲವತ್ತು ಸಾಲು. ಒಂದು ಅಂಕಿ ತಪ್ಪಿದರೆ ಊರಿಗೆ ಊರೇ ನಾಪತ್ತೆ. ಲ್ಯಾಬಿನ ಅವಧಿ ವಾರಕ್ಕೆ ಎರಡೇ ಗಂಟೆ, ಪ್ರತಿ ಸಲವೂ ಮೊದಲಿನಿಂದ ಶುರು. ಒಂದು ದಿನ ರೇಣುಕಾ ಎಂಬ ವಿದ್ಯಾರ್ಥಿನಿ ಎದ್ದು ನಿಂತಳು. ಎಮ್ಮಿಗನೂರಿನವಳು. ಕಂಪ್ಲಿಯಲ್ಲಿ ಬಸ್ಸು ಬದಲಿಸಿ ಕಾಲೇಜಿಗೆ ಬರುವವಳು. ಅವತ್ತು ಅವಳು ತಪ್ಪು ಅಂಕಿ ಹಾಕಿ ತನ್ನೂರನ್ನೇ ಕಳೆದುಕೊಂಡಿದ್ದಳು. ಹುಡುಕುವಷ್ಟರಲ್ಲಿ ಗಂಟೆ ಬಾರಿಸಿತ್ತು.

"ಮೇಡಂ, ಸಿಟ್ಟಾಗಬ್ಯಾಡ್ರಿ. ವಾರಾ ವಾರಾ ರಸ್ತಿ ಹಾಕೋದರಾಗ ನಮ್ಮ ಟೈಮ್ ಮುಗೀತೈತಿ. ಬಸ್ ಓಡಸೋದು ಯಾವಾಗ ಕಲಿಯೂನ್ರಿ?"

ಅತ್ತೆ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ನನಗೆ ಹೇಳಿದಳು: "ಲೇ, ಮೂರು ವರ್ಷದಿಂದ ಆ ಹುಡುಗರ ಕೈಲೆ ಲಕೋಟಿ ಬರಸಾಕತ್ತೀನಿ ನಾನು! ನನಗ ಯಾಕ ಹೊಳೀಲಿಲ್ಲ?"

ಅಲ್ಲಿಂದ ಮೂರು ತಿಂಗಳು ನಮ್ಮ ಮನೆಯಲ್ಲಿ ಅತ್ತೆ ಇದ್ದೂ ಇಲ್ಲದ ಹಾಗೆ. ರೊಟ್ಟಿ ಬಡಿಯುತ್ತ ಬಡಿಯುತ್ತ ನಿಂತುಬಿಡುವಳು. ಹಂಚಿನ ಮೇಲಿನ ರೊಟ್ಟಿ ಕರಕಾದರೂ ಪರಿವೆಯಿಲ್ಲ. ಅವಳ ಯೋಜನೆ ಕೇಳಲು ಸರಳ. ಒಂದು ಕಡತದಲ್ಲಿ ಊರುಗಳ ಪಟ್ಟಿ: ಹೆಸರು, ವಿಳಾಸ, ನೆರೆಹೊರೆ. ಇನ್ನೊಂದರಲ್ಲಿ ಖಾಲಿ ಜಾಗಗಳನ್ನು ಬಿಟ್ಟ ಒಂದು ಮಾದರಿ. ಪ್ರೋಗ್ರಾಂ ಪಟ್ಟಿಯನ್ನು ಓದಿ, ಮಾದರಿಯ ಖಾಲಿ ಜಾಗಗಳನ್ನು ತುಂಬಿ, ಹದಿನಾರು ಸ್ವಿಚ್ಚುಗಳಿಗೂ ತಾನೇ ಕಳಿಸಬೇಕು. ಕೊನೆಗೆ ಪ್ರತಿ ಊರನ್ನೂ ಕೂಗಿ, ಓಗೊಟ್ಟಿತೋ ಇಲ್ಲವೋ ನೋಡಬೇಕು. ಓಗೊಟ್ಟರೆ ಹಸಿರು, ಇಲ್ಲದಿದ್ದರೆ ಕೆಂಪು.

ಮೊದಲ ಸಲ ನಡೆಸಿದ ದಿನ ನಾನೂ ಪಕ್ಕದಲ್ಲಿದ್ದೆ. ಅತ್ತೆ ಒಂದು ಸಾಲು ಹೊಡೆದಳು. ಪರದೆಯ ಮೇಲೆ ಹೆಸರುಗಳು ಸರಸರ ಇಳಿದವು. ಸಂಡೂರು, ಸಂಡೂರು, ಸಂಡೂರು... ಹದಿನಾರೂ ಸಂಡೂರೇ!

"ಅತ್ತಿ, ಮಾವಗ ಫೋನ್ ಹಚ್ಚಲೇನು? ಟೆಂಪೋ ತಗೊಂಡು ಬರ್ತಾರ" ಎಂದೆ. ಆ ವಾರ ನನಗೆ ಮನೆಯಲ್ಲಿ ಚಹಾ ಸಿಗಲಿಲ್ಲ.

ಆದರೆ ತಪ್ಪು ಸಿಕ್ಕಿತು, ಸರಿಯಾಯಿತು. ಆಮೇಲೆ ಅವಳಿಗೆ ಹತ್ತಿದ ಹೊಸ ಚಟವೆಂದರೆ ಕೆಡವುವುದು! ಪ್ರತಿ ದಿನ ಬೆಳಿಗ್ಗೆ ಕಾಲೇಜಿಗೆ ಹೋದವಳೇ ಹದಿನಾರು ಊರುಗಳನ್ನೂ ಅಳಿಸಿ ಹಾಕುವಳು. ಚೆನ್ನಾಗಿ ನಡೆಯುತ್ತಿರುವುದನ್ನು ಯಾರಾದರೂ ಅಳಿಸುತ್ತಾರೆಯೇ? ಪ್ರಿನ್ಸಿಪಾಲರು ಎದೆ ಹಿಡಿದುಕೊಂಡು ಓಡಿ ಬಂದರು. "ಕೆಡವಿದ್ದು ಮತ್ತ ಎದ್ದು ನಿಂದರತೈತೋ ಇಲ್ಲೋ ಅಂತ ದಿನಾ ನೋಡದಿದ್ರ, ಬೇಕಾದ ದಿನ ಅದು ನಿಂದರಂಗಿಲ್ರಿ ಸರ್" ಎಂದು ಇನ್ನೊಮ್ಮೆ ಕೆಡವಿ ತೋರಿಸಿದಳು. ಅವರು ಮತ್ತೆ ಆ ಲ್ಯಾಬಿನ ಕಡೆ ತಲೆ ಹಾಕಲಿಲ್ಲ.

ಬೇಕಾದ ದಿನ ಹೋದ ವರ್ಷ ಬಂದೇ ಬಂತು. ಕೊನೆಯ ವರ್ಷದವರ ಪ್ರಾಯೋಗಿಕ ಪರೀಕ್ಷೆ. ಹೊರಗಿನ ಊರಿನಿಂದ ಬಂದ ಪರೀಕ್ಷಕರು ನಗುವುದನ್ನು ಎಲ್ಲೋ ಮರೆತು ಬಂದವರಂತಿದ್ದರು. ಅತ್ತೆಗೆ ನಿವೃತ್ತಿಗೆ ಇನ್ನೊಂದೇ ತಿಂಗಳು. ಅವಳ ಸ್ಕೂಟರ್ ಕೆಟ್ಟಿದ್ದರಿಂದ ನಾನೇ ಅರ್ಧ ದಿನ ರಜೆ ಹಾಕಿ ಬೈಕಿನಲ್ಲಿ ಕರೆತಂದು, ಲ್ಯಾಬಿನ ಹೊರಗೆ ಬೆಂಚಿನ ಮೇಲೆ ಕಿಟಕಿಯ ಪಕ್ಕ ಕೂತಿದ್ದೆ. ಪರೀಕ್ಷೆ ಶುರುವಾಗಿ ಕಾಲು ಗಂಟೆಯಾಗಿರಬೇಕು, ಕರೆಂಟು ಹೋಯಿತು. ಬ್ಯಾಟರಿ ಎರಡು ಸಲ ಕುಂಯ್ ಎಂದು ಅದೂ ಕಣ್ಣು ಮುಚ್ಚಿತು. ಕರೆಂಟು ಮರಳಿ ಬಂದಾಗ ಸರ್ವರ್ ಎದ್ದಿತು, ಆದರೆ ಒಳಗಿನ ಊರುಗಳೆಲ್ಲ ಅಳಿಸಿಹೋಗಿದ್ದವು. ವಿದ್ಯಾರ್ಥಿಗಳ ಮುಖಗಳು ಬಿಳಿಚಿಕೊಂಡವು. ಪರೀಕ್ಷೆ ಮುಂದಕ್ಕೆ ಹೋದರೆ ಫಲಿತಾಂಶ ತಡ. ಅದು ತಡವಾದರೆ ಮುಂದಿನ ಓದಿಗೆ ಸೇರುವ ಗಡುವೇ ಮುಗಿಯುತ್ತಿತ್ತು.

"ಹದಿನಾರನ್ನೂ ಮತ್ತೆ ಸಿದ್ಧ ಮಾಡಲು ಇವತ್ತಿಡೀ ಸಾಲದು. ಇನ್ನೊಂದು ದಿನ ನೋಡೋಣ ಮೇಡಂ" ಎಂದು ಪರೀಕ್ಷಕರು ಪೆನ್ನಿನ ಕ್ಯಾಪು ಹಾಕಿದರು.

ಅತ್ತೆ ಎದ್ದು ಹೋಗಿ ಸರಿಮಾಡುತ್ತಾಳೆ ಎಂದುಕೊಂಡೆ. ಅವಳು ಕುರ್ಚಿಯನ್ನು ಗೋಡೆಗೆ ಎಳೆದುಕೊಂಡು, ಕೈ ಕಟ್ಟಿ ಕೂತುಬಿಟ್ಟಳು! "ರೇಣುಕಾ, ನೀ ಎಬ್ಬಸವ್ವಾ" ಎಂದಳು.

ರೇಣುಕಾ ಹೋಗಿ ಒಂದೇ ಒಂದು ಸಾಲು ಹೊಡೆದಳು. ಅಷ್ಟರಲ್ಲಿ ಪರೀಕ್ಷಕರಿಗೆ ಚಹಾ ಬಂತು. ಹೊಸಪೇಟೆ, ಹಸಿರು. ಹಂಪಿ, ಹಸಿರು. ಸಂಡೂರು, ಅದೂ ಒಂದೇ ಸಲ, ಹಸಿರು! ಒಂದೊಂದಾಗಿ ಹದಿನೈದು ಎದ್ದವು. ಗಾದಿಗನೂರು ಮಾತ್ರ ಕೆಂಪು. ಪರೀಕ್ಷಕರ ಹುಬ್ಬು ಮೇಲೇರಿತು. ಹುಡುಗಿ ತಿರುಗಿ ಅತ್ತೆಯನ್ನು ನೋಡಿದಳು. ಅತ್ತೆ ಕಿಟಕಿಯ ಕಡೆ ಮುಖ ತಿರುಗಿಸಿದಳು. ನನಗೆ ಕಂಡಿತು, ಕಟ್ಟಿದ ಕೈಗಳ ಬೆರಳುಗಳು ಸೀರೆಯ ಸೆರಗನ್ನು ಹಿಂಡುತ್ತಿದ್ದವು. ರೇಣುಕಾ ಮತ್ತೆ ಪರದೆಗೆ ತಿರುಗಿ, ಅತ್ತೆ ಮೊದಲೇ ಬರೆದಿಟ್ಟು ಈಗ ಅಲ್ಲಿ ಮೂಡಿದ್ದ ಕನ್ನಡದ ಸಾಲುಗಳನ್ನು ಗಟ್ಟಿಯಾಗಿ ಓದಿದಳು: "ಗಾದಿಗನೂರು ಇನ್ನೂ ಎದ್ದಿಲ್ಲ. ಗಾಬರಿ ಆಗಬ್ಯಾಡ. ಒಂದು ನಿಮಿಷ ತಡೆದು ಮತ್ತೊಮ್ಮೆ ನಡೆಸು. ಎದ್ದವರಿಗೆ ಏನೂ ಆಗುವುದಿಲ್ಲ."

ಇಡೀ ಲ್ಯಾಬು ಒಂದು ನಿಮಿಷ ಉಸಿರು ಹಿಡಿದು ಕೂತಿತು. ಮತ್ತೊಮ್ಮೆ ನಡೆಸಿದಳು. ಸರಿಯಿದ್ದ ಹದಿನೈದನ್ನು ಪ್ರೋಗ್ರಾಂ ಮುಟ್ಟಲಿಲ್ಲ. ನೇರ ಗಾದಿಗನೂರಿಗೆ ಹೋಯಿತು. ಹಸಿರು! ಪರೀಕ್ಷಕರ ಲೋಟದಲ್ಲಿ ಚಹಾ ಇನ್ನೂ ಬಿಸಿಯಾಗಿತ್ತು. ಹೊರಗಿದ್ದ ನಾನು, ಸರ್ಕಾರಿ ನೌಕರ, ಎದ್ದು ನಿಂತು ಚಪ್ಪಾಳೆ ತಟ್ಟಿದೆ. ಜವಾನ ಬಂದು ಗದರಿಸಿದ. "ಆಕಿ ನಮ್ಮತ್ತಿ ನೋಡಪ್ಪಾ!" ಎಂದೆ. ಅವತ್ತು ನನ್ನ ಎದೆ ಅಂಗಿಯ ಗುಂಡಿಯೊಳಗೆ ಹಿಡಿಸುತ್ತಿರಲಿಲ್ಲ.

ಪರೀಕ್ಷೆ ಮುಗಿಸಿ ಹೊರಗೆ ಬಂದ ಪರೀಕ್ಷಕರು ಕೊನೆಗೂ ನಕ್ಕರು. "ನಮ್ಮ ಕಾಲೇಜಿಗೂ ಇದರ ಪ್ರತಿ ಕೊಡಿ ಮೇಡಂ. ಆದರೆ ನೀವು ಎದ್ದು ಬರಲೇ ಇಲ್ಲವಲ್ಲ, ಯಾಕೆ?"

"ಬರೋ ತಿಂಗಳದಿಂದ ಎದ್ದು ಬರಾಕ ನಾ ಇರಂಗಿಲ್ಲಲ್ರಿ ಸರ್" ಎಂದಳು ಅತ್ತೆ, ಬಸ್ಸಿನ ವೇಳೆ ಹೇಳಿದಷ್ಟು ಸಲೀಸಾಗಿ.

ಸಂಜೆಯ ಬಿಸಿಲಲ್ಲಿ ಬೈಕು ಹತ್ತಿದೆವು. ನಾನು ದಾರಿಯುದ್ದಕ್ಕೂ ಹರಟಿದೆ. ಪರೀಕ್ಷಕರ ಹುಬ್ಬನ್ನು ಅನುಕರಿಸಿ ತೋರಿಸಿದೆ, ನಾಳೆ ಕಚೇರಿಯಲ್ಲಿ ಯಾರ್‍ಯಾರಿಗೆ ಹೇಳಬೇಕೆಂದು ಪಟ್ಟಿ ಮಾಡಿದೆ. ಕಾಲುವೆಯ ಸೇತುವೆ ದಾಟುವಾಗ ನನ್ನ ಬೆನ್ನಿಗೆ ಏನೋ ಒರಗಿತು. ಅತ್ತೆಯ ಹಣೆ. ಅಂಗಿ ಒದ್ದೆಯಾಗುತ್ತಿರುವುದು ಗೊತ್ತಾಯಿತು.

"ಯಾಕತ್ತಿ?"

"ನಾ ಇಲ್ಲದನ ನಡೀತಲ್ಲಲೇ..."

ಅದರಲ್ಲಿ ಸಂತೋಷವೆಷ್ಟು, ಸಂಕಟವೆಷ್ಟು ನನಗೆ ತಿಳಿಯಲಿಲ್ಲ. ತಿರುಗಿ ನೋಡಲಿಲ್ಲ. ಮನೆಯ ಕಡೆ ಹೊರಳುವ ತಿರುವಿನಲ್ಲಿ ಹೊರಳದೆ, ಅವಳ ಕಣ್ಣು ಆರಲಿ ಎಂದು ಕಾಲುವೆಯ ಗುಂಟ ನೇರ ಹೋಗುವ ದಾರಿ ಹಿಡಿದು, ಬೈಕನ್ನು ನಿಧಾನ ಮಾಡಿದೆ.