ಕಟ್ಟಿ ಹಾಕಿದ ಡ್ರೋನು

ಗುಡ್ಡದ ಕ್ಯಾಂಪ್ ಎಂಬ ಊರಿನ ಜನ ರಸ್ತೆ ಬೇಕೆಂದು ಕೂಗಿ ಕೂಗಿ ಗಂಟಲು ಹರಿದುಕೊಂಡಿದ್ದರು. ಕೊನೆಗೂ ಸರಕಾರ ಕಿವಿಗೊಟ್ಟು ಅವರಿಗೆ ಆಕಾಶ ಮಂಜೂರು ಮಾಡಿತು.

ಇನ್ನು ಮೇಲೆ ಔಷಧ ಕಾರಟಗಿಯಿಂದ ಡ್ರೋನಿನಲ್ಲಿ ಹಾರಿ ಬರುತ್ತದಂತೆ. ಅದು ಇಳಿಯಲೆಂದು ಊರ ಮುಂದಿನ ಜಾಗ ಮಟ್ಟ ಮಾಡಿ, ಸಿಮೆಂಟ್ ಹಾಕಿ, ನಡುವೆ ಬಿಳಿ ಸುತ್ತು ಬರೆದರು. ಅಷ್ಟು ನುಣ್ಣನೆಯ ನೆಲವನ್ನು ಆ ಊರು ಕಂಡೇ ಇರಲಿಲ್ಲ. ಮರುದಿನ ಬೆಳಗಾಗುವುದೇ ತಡ, ಮುದುಕವ್ವ ಅದರ ತುಂಬ ಭತ್ತ ಒಣಹಾಕಿದಳು.

ಅತ್ತ ಕಾರಟಗಿಯಲ್ಲಿ ಮುನವ್ವರ ಮೊದಲ ಡ್ರೋನು ಹಾರಿಸಿದ. ಇವತ್ತು ಗೆದ್ದರೆ ಕೆಲಸ ಕಾಯಂ. ಸೋತರೆ ಅಪ್ಪ ಕಾಸೀಮಸಾಬನ ಜೊತೆ ರೈಸ್‌ಮಿಲ್ಲಿನ ಹಮಾಲಿ. ಡ್ರೋನು ಹೇಳಿದ ಜಾಗಕ್ಕೇ ಇಳಿಯಿತು. ಅವನ ಮುಂದಿನ ಪರದೆಯ ಮೇಲೆ ಮದುವೆಯ ಅಕ್ಕಿಕಾಳಿನಂತೆ ಭತ್ತ ಚಿಮ್ಮಿತು. ಆಮೇಲೆ ಒಂದು ಗೋಣಿಚೀಲ ಬಂತು. ಆಮೇಲೆ ಕತ್ತಲೆ.

ಆಟೋದಲ್ಲಿ ನವಲಿಯವರೆಗೆ, ಅಲ್ಲಿಂದ ಕಾಲುವೆ ನೀರು ಬಸಿದ ರಾಡಿಯಲ್ಲಿ ಕಾಲೆಳೆಯುತ್ತ ಮುನವ್ವರ ಊರು ಮುಟ್ಟಿದ. ಡ್ರೋನನ್ನು ಬೇವಿನ ಗಿಡಕ್ಕೆ, ಎಮ್ಮೆಯ ಹಗ್ಗದಲ್ಲಿ, ಬಿಗಿಯಾಗಿ ಕಟ್ಟಿ ಹಾಕಿದ್ದರು. ಊರ ನರ್ಸ್ ಅನ್ನಪೂರ್ಣ ಅದರ ಔಷಧದ ಡಬ್ಬಿ ಬಿಚ್ಚಿ ಆಗಲೇ ಕೂಸುಗಳಿಗೆ ಲಸಿಕೆ ಹಾಕುತ್ತಿದ್ದಳು.

"ಯವ್ವಾ, ಬಿಡಬೇ ಅದನ್ನ!" ಮುನವ್ವರ ಕೂಗಿದ.

"ಭತ್ತಕ್ಕ ಬಾಯಿ ಹಾಕಿದ ದನಾ ಕಟ್ಟಿ ಹಾಕೂದು ಈ ಊರಿನ ಪದ್ಧತಿ," ಅಂದಳು ಮುದುಕವ್ವ. "ಮಾಲಕರು ಬಂದು ಬಿಡಿಸಿಕೊಂಡು ಹೋಗ್ಲಿ."

"ನಾನ ಮಾಲಕ ಅಂತ ತಿಳ್ಕೋ."

"ನೀ ದನಾ ಕಾಯೋ ಹುಡುಗ. ಮಾಲಕನ್ನ ಕರಿ."

ಮುನವ್ವರ ತನ್ನ ಸಾಹೇಬ ವಿರುಪಣ್ಣನಿಗೆ ಫೋನ್ ಹಚ್ಚಿದ. "ಸರ್, ನೀವ ಬರಬೇಕಂತ್ರಿ."

"ಪೊಲೀಸರನ್ನ ಕಳಸ್ತೀನಿ!"

"ಅವರ ಜೀಪೂ ಇಲ್ಲಿ ಬರಂಗಿಲ್ರಿ. ರಸ್ತಾ ಎಲ್ಲೈತ್ರಿ? ನಾಳೆ ಮಂತ್ರಿಗಳ ಮುಂದ ಡ್ರೋನು ಹಾರಸೂದೈತಿ, ಕಾಲು ಹಿಡೀತೀನಿ, ಬರ್ರಿ ಸರ್."

ಮಂತ್ರಿಗಳ ಹೆಸರು ಬಂದಮೇಲೆ ಸಾಹೇಬರು ಹೊರಟರು. ಜೀಪು ರಾಡಿಯಲ್ಲಿ ಎಮ್ಮೆಯಂತೆ ಮಲಗಿತು. ನಡೆದು ಬಂದರು, ಒಂದು ಬೂಟು ಬಂತು, ಇನ್ನೊಂದು ಬರಲಿಲ್ಲ.

"ದಿನಾ ನಮ್ಮ ಬಸುರಿ ಹೆಣ್ಣಮಕ್ಕಳು ಇದರಾಗ ನಡೀತಾರ್ರಿ ಸಾಹೇಬ್ರ," ಅಂದಳು ಮುದುಕವ್ವ. "ಒಂದ ಬೂಟಿಗೆ ಯಾಕ ಮಾರಿ ಸಣ್ಣ ಮಾಡ್ತೀರಿ?"

ಹೆಂಗಸರು ಡ್ರೋನಿನ ಸುತ್ತ ಕೂತುಬಿಟ್ಟರು. ರಸ್ತೆ ಕೆಲಸ ಶುರುವಾದರೆ ಮಾತ್ರ ಏಳುವುದು. ಮುನವ್ವರ ನಡುವೆ ಓಡಾಡಿ ಎರಡೂ ಕಡೆ ಕೈಮುಗಿದ. ಸಾಹೇಬರು ಒಂದೇ ಬೂಟಿನಲ್ಲಿ ನಿಂತು ಮೇಲಿನವರಿಗೆ ಫೋನ್ ತಿರುಗಿಸಿ ಮಂತ್ರಿಗಳ ಹೆಸರು ಹೇಳಿದರು. ಯಾವಾಗಲೋ ಮಂಜೂರಾಗಿ ಮಲಗಿದ್ದ ರಸ್ತೆ ಎದ್ದು ಕೂತಿತು. ಹೊತ್ತಿಳಿಯುವ ಮೊದಲೇ ಜೆಸಿಬಿ ಬಂತು, ಹಿಂದೆಯೇ ಗರಸು ಮಣ್ಣಿನ ಟಿಪ್ಪರು. ಊರಿಗೆ ಊರೇ ಕೇಕೆ ಹಾಕಿತು.

ಮುನವ್ವರ ಹಿಗ್ಗಿ ಹೀರೇಕಾಯಿಯಾದ. "ಸರ್, ಔಷಧಾನೂ ಮುಟ್ಟಿತು, ಡ್ರೋನೂ ಸಿಕ್ಕಿತು. ನನ್ನ ಕೆಲಸ ಕಾಯಂ ಆತಲ್ರಿ?"

"ಯಾವ ಕೆಲಸ? ಡ್ರೋನು ಇರೂದು ರಸ್ತಾ ಇಲ್ಲದ ಊರಿಗೆ. ಇನ್ನ ಇಲ್ಲಿಗೆ ವ್ಯಾನ್ ಬರ್ತೈತಿ. ಗಾಡಿ ಹೊಡಿಯಾಕ ಬರ್ತೈತೇನು ನಿನಗ?"

ಮುನವ್ವರ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ. ಅವನಿಗೆ ಬರುತ್ತಿದ್ದುದು ಆಕಾಶದಲ್ಲಿ ಓಡಿಸುವುದಷ್ಟೇ.

ಮುದುಕವ್ವ ಅವನ ಬೆನ್ನು ಸವರಿದಳು. "ಅಳಬ್ಯಾಡೋ ತಮ್ಮಾ. ಆಚಿ ಕ್ಯಾಂಪಿಗೂ ರಸ್ತಾ ಇಲ್ಲ, ಇನ್ನ ಮ್ಯಾಲೆ ಅಲ್ಲಿಗೆ ಹಾರಸು. ನನ್ನ ತಂಗಿಗೆ ಈಗ ಫೋನ್ ಮಾಡಿ ಎಲ್ಲಾ ಹೇಳೀನಿ. ಹಗ್ಗಾ ಹಿಡಕೊಂಡು ನಿನ್ನ ದಾರೀನ ಕಾಯಾಕತ್ಯಾಳ."