ದಾರ ಕಚ್ಚುವ ಹಲ್ಲು

ಹಲ್ಲಿನ ಡಾಕ್ಟರ ಹತ್ತಿರ ಜನ ನೋವು ತಗೊಂಡು ಬರುತ್ತಾರೆ ಅಂತ ಕಾಲೇಜಿನಲ್ಲಿ ಕಲಿಸಿದ್ದರು. ತೀರ್ಪನ್ನೂ ಜೊತೆಗೇ ತರುತ್ತಾರೆ ಅಂತ ಯಾರೂ ಹೇಳಿರಲಿಲ್ಲ. ನನ್ನ ಕ್ಲಿನಿಕ್ಕು ಚಳ್ಳಕೆರೆಯಲ್ಲಿ, ಗುರುವಾರ ಮಾತ್ರ ಮೊಳಕಾಲ್ಮುರಿನಲ್ಲಿ. ಎರಡೂ ಕಡೆ ವಾರಕ್ಕೊಂದಾದರೂ ಇಂಥದ್ದು ನಡೆಯದೆ ಇರುವುದಿಲ್ಲ. ಆದರೆ ಒಂದೇ ಒಂದು ಹಲ್ಲು ನಾಲ್ಕು ತಿಂಗಳು ನನ್ನ ತಲೆ ತಿಂದದ್ದು ಇದೇ ಮೊದಲು.

ಖಾತ್ರಿಯ ಮಾತು

ಆ ಹಲ್ಲಿನ ಒಡತಿ ಆಯಮ್ಮ ಮೊಳಕಾಲ್ಮುರಿನವರು, ರೇಷ್ಮೆ ಸೀರೆ ನೇಯುವವರು. ವಯಸ್ಸು ಐವತ್ತರ ಹತ್ತಿರ. ಮೇಲಿನ ಮುಂದಿನ ಹಲ್ಲಿಗೆ ಎಂಟು ವರ್ಷದ ಹಿಂದೆ ಎಲ್ಲೋ ರೂಟ್ ಕೆನಾಲ್ ಮಾಡಿಸಿದ್ದರು. ಈಗ ಅದರ ಮೇಲಿನ ಒಸಡಿನಲ್ಲಿ ಕೀವಿನ ಗುಳ್ಳೆ. ಎಕ್ಸ್‌ರೇ ತೆಗೆದೆ. ಬೇರಿನ ತುದಿಯಲ್ಲಿ ಕಪ್ಪು ನೆರಳು ಇತ್ತು.

ಅದಕ್ಕಿಂತ ವಿಚಿತ್ರವಾಗಿ ಕಂಡದ್ದು ಹಲ್ಲಿನ ಅಂಚು. ಸಣ್ಣ ಗರಗಸದಲ್ಲಿ ಕೊರೆದ ಹಾಗೆ ಒಂದು ಗೀರು. ಏನಮ್ಮಾ ಇದು ಅಂದೆ.

"ಅದು ದಾರದ್ದು ರೀ. ಎಳೆ ತುಂಡಾದ್ರೆ ಗಂಟು ಹಾಕಿ, ಉಳಿದ ತುದೀನ ಅದರಾಗೇ ಕಚ್ಚೋದು."

"ಕತ್ತರಿ ಇಲ್ವಾ?"

"ಎರಡು ಕೈಯಾಗೂ ಎಳೆ ಹಿಡ್ಕಂಡಿರ್ತೀನಿ. ಕತ್ತರಿ ಯಾವ ಕೈಯಾಗೆ ಹಿಡೀಲಿ?"

ಕತ್ತರಿಯ ಮಾತು ಬಿಟ್ಟು, ಇರುವ ಎರಡು ದಾರಿ ಹೇಳಿದೆ. ಹಳೆಯ ರೂಟ್ ಕೆನಾಲ್ ಬಿಚ್ಚಿ, ತೊಳೆದು, ಮತ್ತೆ ತುಂಬಬಹುದು. ಇಲ್ಲವೇ ಹಲ್ಲು ಕಿತ್ತು ಹೊಸದು ಕೂರಿಸಬಹುದು.

"ಕೀಳೋ ಮಾತೇ ಬ್ಯಾಡ. ಈ ಹಲ್ಲು ಹೋದ್ರೆ ನಮ್ಮ ಮಗ್ಗ ನಿಂತಂಗೆ," ಅಂದರು ಆಯಮ್ಮ.

ಅಲ್ಲಿಯವರೆಗೆ ಗೋಡೆಗೆ ಒರಗಿ ನಿಂತಿದ್ದ ಗಂಡ ಮುಂದೆ ಬಂದರು. "ಮತ್ತೆ ತುಂಬಿದ್ರೆ ಉಳೀತೈತಾ ಸಾರ್?"

"ಉಳಿಯಬಹುದು. ಖಾತ್ರಿ ಹೇಳೋಕಾಗಲ್ಲ."

"ಕಿತ್ರೆ ಹೋಗ್ತೈತಾ?"

"ಅದು ಖಾತ್ರಿ."

"ಹಂಗಾರೆ ಖಾತ್ರಿ ಇರೋದನ್ನೇ ಮಾಡ್ಬಿಡ್ರಿ."

ಬಲಗಡೆಯ ಹೂವು

ಗಂಡ ಹೆಂಡತಿ ಒಮ್ಮತಕ್ಕೆ ಬರಲಿ ಅಂತ ಮಾತ್ರೆ ಕೊಟ್ಟು ಒಂದು ವಾರ ಟೈಮು ಕೊಟ್ಟೆ. ಅದೇ ನನ್ನ ತಪ್ಪು. ಮುಂದಿನ ಗುರುವಾರ ಇಬ್ಬರೂ ಹೊಸ ಹುರುಪಿನಲ್ಲಿ ಬಂದು ಕೂತರು.

"ಗೌರಸಮುದ್ರಕ್ಕೆ ಹೋಗಿ ಮಾರಮ್ಮನ ಹತ್ರ ಹೂವು ಕೇಳಿದ್ವಿ ರೀ. ಅಮ್ಮ ತಟ್ಟಂತ ಕೊಟ್ಲು. ಬಲಗಡೆ ಬಿತ್ತು," ಅಂದರು ಆಯಮ್ಮ.

ದೇವರೇ ಹೇಳಿದ ಮೇಲೆ ನನ್ನದೇನು? ಕೆಲಸ ಹಗುರಾಯಿತು ಅಂದುಕೊಂಡೆ. "ಬಲಗಡೆ ಅಂದ್ರೆ ಯಾವುದು? ಉಳಿಸೋದಾ, ಕೀಳೋದಾ?"

"ಉಳಿಸೋದು," ಅಂದರು ಹೆಂಡತಿ.

"ಕೀಳೋದು," ಅಂದರು ಗಂಡ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾವ ಕಡೆ ಬಿದ್ದರೆ ಯಾವುದು ಅಂತ ಹೂವು ಕೇಳುವ ಮುಂಚೆ ಇಬ್ಬರೂ ಮಾತಾಡಿಕೊಂಡಿರಲಿಲ್ಲ. ತಮ್ಮ ತಮ್ಮ ಮನಸ್ಸಿನಲ್ಲೇ ಅಂದುಕೊಂಡಿದ್ದರು. ನಾನು ತಲೆ ಮೇಲೆ ಕೈ ಹೊತ್ತು ಕೂತೆ.

"ಅಮ್ಮಂದೇನೂ ತಪ್ಪಿಲ್ಲ ಬಿಡ್ರಿ," ಅಂತ ಗಂಡ ನನಗೆ ಸಮಾಧಾನ ಹೇಳಿದರು. "ಅವಳ ಕೆಲಸ ಅವಳು ಮಾಡವ್ಳೆ. ನೀವೇ ಇನ್ನೂ ಏನೂ ಮಾಡಿಲ್ಲ."

ಕತ್ತರಿ

ಕೊನೆಗೆ ಉಳಿಸುವುದು ಅಂತ ನಾನೇ ತೀರ್ಮಾನ ಮಾಡಿದೆ. ಬೇರು ಗಟ್ಟಿಯಾಗಿಯೇ ಇತ್ತು. ಜೊತೆಗೆ, ಇಷ್ಟೆಲ್ಲ ಆದ ಮೇಲೆ ನನಗೂ ಹಟ ಹುಟ್ಟಿತ್ತು. ಮೂರು ಗುರುವಾರ ಬೆನ್ನು ಬಗ್ಗಿಸಿ, ಹಳೆಯದನ್ನೆಲ್ಲ ಕೆದಕಿ ತೆಗೆದು, ತೊಳೆದು, ಹೊಸದಾಗಿ ತುಂಬಿದೆ. ಕೀವು ನಿಂತಿತು. ಎಕ್ಸ್‌ರೇ ನೋಡಿ ನನಗೆ ನಾನೇ ಶಹಬ್ಬಾಸ್ ಅಂದುಕೊಂಡೆ.

"ಮುಂದಿನ ವಾರ ಕ್ಯಾಪ್ ಹಾಕ್ತೀನಿ. ಅಲ್ಲೀವರೆಗೂ ಈ ಹಲ್ಲಿಗೆ ದಾರ ಸೋಕಿಸಬಾರದು," ಅಂದೆ. ಬರೀ ಮಾತಿಗೆ ಬಗ್ಗುವವರಲ್ಲ ಅಂತ ಗೊತ್ತಿದ್ದುದರಿಂದ ಒಂದು ಸಣ್ಣ ಕತ್ತರಿ ತರಿಸಿ, ಗಟ್ಟಿ ನೈಲಾನ್ ದಾರ ಪೋಣಿಸಿ, ನನ್ನ ಕೈಯಾರೆ ಅವರ ಕೊರಳಿಗೆ ಬಿಗಿಯಾಗಿ ಗಂಟು ಹಾಕಿ ಕಟ್ಟಿದೆ. ಆಯಮ್ಮನಿಗೆ ಕಣ್ಣು ತುಂಬಿ ಬಂತು. ನಿಜ ಹೇಳಬೇಕೆಂದರೆ ನನಗೂ ಒಂಥರಾ ಆಯಿತು.

ಮುಂದಿನ ಗುರುವಾರ ಬಂದಾಗ ಕೊರಳಲ್ಲಿ ಕತ್ತರಿ ಇರಲಿಲ್ಲ. ಬಾಯಿ ತೆರೆಸಿದೆ. ಹಲ್ಲು ಉದ್ದಕ್ಕೆ, ಬೇರಿನ ತನಕ ಸೀಳಿತ್ತು.

"ಕತ್ತರಿ ಎಲ್ಲಮ್ಮಾ?"

"ಮನ್ಯಾಗೆ ಭದ್ರವಾಗೈತೆ ರೀ. ನೇಯುವಾಗ ಅದರ ದಾರ ಮಗ್ಗದ ಹಾಸಿನ ಎಳೆಗೆ ಸಿಕ್ಕಂತಿತ್ತು. ಬಿಚ್ಚಾನ ಅಂದ್ರೆ ನೀವು ಹಾಕಿದ್ದು ಭಾರಿ ಗಂಟು."

"ಮತ್ತೆ ಹೆಂಗೆ ತೆಗೆದ್ರಿ?"

ಆಯಮ್ಮ ತಲೆ ತಗ್ಗಿಸಿದರು. "ಹಲ್ಲಾಗೆ ಕಚ್ಚಿದೆ."

ಸ್ವಂತ ಹಲ್ಲು

ಬೇರು ಸೀಳಿದ ಹಲ್ಲಿನ ಮುಂದೆ ಡಾಕ್ಟರೂ ಇಲ್ಲ, ದೇವರೂ ಇಲ್ಲ. ಕಿತ್ತೆ. ಗಂಡನ ಮುಖ ನೋಡಿದರೆ ಗೆದ್ದದ್ದು ಯಾರು ಅಂತ ಗೊತ್ತಾಗುತ್ತಿತ್ತು. ಗಾಯ ಮಾಯಲಿಕ್ಕೆ ಬಿಟ್ಟು, ಆಮೇಲೆ ಅಕ್ಕಪಕ್ಕದ ಹಲ್ಲಿನ ಆಸರೆಯಲ್ಲಿ ಹೊಸ ಹಲ್ಲು ಕೂರಿಸಿದೆ. ಬೆಳ್ಳಗೆ, ನುಣ್ಣಗೆ, ನೋಡಲಿಕ್ಕೆ ಮೊದಲಿನದಕ್ಕಿಂತ ಚೆಂದ.

ವಾರ ಬಿಟ್ಟು ಆಯಮ್ಮ ಒಬ್ಬರೇ ಬಂದರು. ಸೆರಗಿನ ತುದಿಯಿಂದ ರೇಷ್ಮೆ ಎಳೆಯ ಸಣ್ಣ ಉಂಡೆ ತೆಗೆದು ನನ್ನ ಟೇಬಲ್ ಮೇಲಿಟ್ಟರು.

"ಹಲ್ಲು ಭಾಳ ಚೆನ್ನಾಗೈತೆ ಡಾಕ್ಟ್ರೇ. ಆದ್ರೆ ದಾರ ಜಾರ್ತೈತೆ. ಮೊದಲು ಇತ್ತಲ್ಲ, ಹಂಗೊಂದು ಗೀರು ಹಾಕ್ಕೊಡ್ರಿ."

ನನಗೆ ಮೈಯೆಲ್ಲ ಉರಿದುಹೋಯಿತು. ನಾಲ್ಕು ತಿಂಗಳ ಸಿಟ್ಟನ್ನೆಲ್ಲ ಒಂದೇ ಉಸಿರಿಗೆ ಕಕ್ಕಿದೆ. ಆಯಮ್ಮ ಪೂರ್ತಿ ಕೇಳಿಸಿಕೊಂಡು ತಣ್ಣಗೆ ಹೇಳಿದರು, "ಹಂಗಾರೆ ಕೆಳಗಿನ ಸಾಲಿಂದು ಯಾವುದಾದ್ರೂ ಬಳಸಬೇಕಾಗ್ತೈತೆ. ಅವು ನನ್ನ ಸ್ವಂತದ್ದು ರೀ, ಹಾಳಾದ್ರೆ ಹೋದಂಗೇ. ಇದು ನೀವು ಮಾಡಿದ್ದು, ಹಾಳಾದ್ರೆ ಇನ್ನೊಂದು ಮಾಡಬಹುದು."

ಹಲ್ಲು ಉಳಿಸುವುದರ ಬಗ್ಗೆ ನಾನು ಓದಿದ್ದೆಲ್ಲ ಆ ಮಾತಿನ ಮುಂದೆ ನಿಲ್ಲಲಿಲ್ಲ. ಮೆಷಿನ್ ತಗೊಂಡು, ಅವರೇ ತಂದ ದಾರದಲ್ಲಿ ಅಳತೆ ನೋಡುತ್ತಾ, ಹೊಸ ಹಲ್ಲಿನ ಅಂಚಿಗೆ ನನ್ನ ಕೈಯಾರೆ ಗೀರು ಹಾಕಿದೆ. ಆಯಮ್ಮ ಕಚ್ಚಿ ನೋಡಿದರು. ಎಳೆ ಕಟ್ ಅಂತ ತುಂಡಾಯಿತು. ಕೈ ಮುಗಿದು ಹೋದರು.

ಅದರ ಮುಂದಿನ ಗುರುವಾರ ಆಯಮ್ಮನ ಪಕ್ಕದ ಮನೆಯ ನೇಕಾರ ಹೆಂಗಸು ಬಂದು ಕುರ್ಚಿಯಲ್ಲಿ ಕೂತು ಬಾಯಿ ತೆರೆದರು. ಒಂದು ಹುಳುಕಿಲ್ಲ, ಸಂದಿಯಿಲ್ಲ, ಕಲ್ಲಿನಂಥ ಹಲ್ಲುಗಳು.

"ನೋವು ಎಲ್ಲಿದೆಯಮ್ಮಾ?"

"ನೋವೇನಿಲ್ರಿ. ಪಕ್ಕದ ಮನೆ ಅಕ್ಕನಿಗೆ ದಾರ ಕತ್ತರಿಸೋ ಹಲ್ಲು ಹಾಕಿದ್ರಂತಲ್ಲ, ನಂಗೂ ಒಂದು ಹಾಕ್ರಿ. ಇರೋದನ್ನ ಕಿತ್ತಾಕ್ರಿ, ಪರವಾಗಿಲ್ಲ."