ಬೊಚ್ಚುಬಾಯಿ ಲ್ಯಾಬು

ನನ್ನ ಬಾಯಲ್ಲಿ ಒಂದು ಹಲ್ಲೂ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಆದದ್ದೆಲ್ಲ ಇದರಿಂದಲೇ ಆಯಿತು. ಕೊನೇ ಹಲ್ಲು ಹೋಗಿದ್ದು ಹೋದ ಗೌರಿ ಹಬ್ಬದ ಹಿಂದಿನ ದಿನ, ಚಕ್ಕುಲಿ ಹದ ನೋಡುವಾಗ. ಅದಾದ ಹನ್ನೊಂದನೇ ದಿನಕ್ಕೆ ಮೊಮ್ಮಗಳು ಲಿಖಿತ ಹುಟ್ಟಿದಳು. ಹಾಗಾಗಿ ನಮ್ಮ ಮನೆಯಲ್ಲಿ ಹಲ್ಲಿಲ್ಲದವರು ಇಬ್ಬರಾದೆವು. ಮೆತ್ತಗೆ ಬೆಂದ ಅನ್ನಕ್ಕೆ ಇಬ್ಬರದೂ ಒಂದೇ ಗುಂಪು.

ನಮ್ಮದು ಕ್ಯಾಸಂಬಳ್ಳಿ. ಯಜಮಾನರು ಹೋಗಿ ಒಂಬತ್ತು ವರ್ಷ. ಮಗ ಶ್ರೀಧರ ಎರಡು ಹಸು ನೋಡಿಕೊಳ್ಳುತ್ತಾನೆ, ಟೊಮ್ಯಾಟೊ ಬೆಳೆಯುತ್ತಾನೆ, ಹೆಂಡತಿ ಹೇಳಿದ್ದಕ್ಕೆ ತಲೆ ಆಡಿಸುತ್ತಾನೆ. ಮೂರರಲ್ಲಿ ನಷ್ಟ ಬರದೆ ಇರೋದು ಮೂರನೇದು ಮಾತ್ರ. ಸೊಸೆ ಸುಮಲತಳದು ಬಂಗಾರಪೇಟೆ ಕಡೆ ಹಾಲಿನ ಚಿಲ್ಲಿಂಗ್ ಸೆಂಟರಿನಲ್ಲಿ ಲ್ಯಾಬ್ ಕೆಲಸ. ಊರೂರಿನ ಹಾಲು ಬಾಟ್ಲಿಗೆ ಹಾಕಿ, ಇದರಲ್ಲಿ ನೀರು, ಇದರಲ್ಲಿ ಸೋಡಾ, ಇದು ಪಾಸು, ಇದು ಫೇಲು ಅಂತ ಹೇಳೋದು ಅವಳ ಉದ್ಯೋಗ.

ಹಾಲಿನ ಪರೀಕ್ಷೆ ನನಗೂ ಹೊಸದಲ್ಲ. ನಲವತ್ತೊಂದು ವರ್ಷ ಊರಿನ ಡೈರಿಗೆ ಹಾಲು ಹಾಕಿದ್ದೇನೆ. ಒಂದೇ ಒಂದು ದಿನ ಡಿಗ್ರಿ ಕಮ್ಮಿ, ನೀರು ಬೆರೆತಿದೆ ಅಂತ ನನ್ನ ಹಾಲು ವಾಪಸ್ಸು ಮಾಡಿದರು. ನಾನು ಜಗಳ ಆಡಲಿಲ್ಲ. ಅವರು ಸ್ಯಾಂಪಲ್ ತೆಗೆಯೋ ಬಾಟ್ಲಿಗಳನ್ನ ಒಂದೊಂದಾಗಿ ಎತ್ತಿ ಬಿಸಿಲಿಗೆ ಹಿಡಿದೆ. ಎಲ್ಲದರ ತಳದಲ್ಲೂ ತೊಳೆದ ನೀರು ಉಳಿದಿತ್ತು. ಆಗಿನ್ನೂ ಹೊಸದಾಗಿ ಕಾರ್ಯದರ್ಶಿ ಆಗಿದ್ದ ಮುನಿಸ್ವಾಮಪ್ಪನಿಗೆ, "ಬಾಟ್ಲು ಸರಿಯಾಗಿ ಇಕ್ಕೊಳ್ದೆ ಆಲಿನ ಮೇಲೆ ತಪ್ಪು ಒರಿಸ್ಬ್ಯಾಡಪ್ಪ" ಅಂದೆ. ಸಾಲಿನಲ್ಲಿದ್ದವರೆಲ್ಲ ನಕ್ಕರು. ಮುನಿಸ್ವಾಮಪ್ಪ ನಗಲಿಲ್ಲ. ಇದಾಗಿ ಹದಿನೆಂಟು ವರ್ಷ. (ಈ ಮಾತನ್ನ ನೆನಪಿನಲ್ಲಿಟ್ಟುಕೊಳ್ಳಿ. ಮುನಿಸ್ವಾಮಪ್ಪ ಇಟ್ಟುಕೊಂಡಿದ್ದ.)

ಈಗ ಗ್ರಹಚಾರಕ್ಕೆ ಬರುತ್ತೇನೆ. ಏಳನೇ ತಿಂಗಳಿಗೆ ಲಿಖಿತ ಉರುಳೋದಕ್ಕೆ, ತೆವಳೋದಕ್ಕೆ ಶುರು ಮಾಡಿದಳು. ನಮ್ಮ ನಡುಮನೆಗೆ ಕಡಪ ಕಲ್ಲು ಹಾಕಿದೆ. ಒಂದು ಬುಧವಾರ ಹಣೆ ಬಡಿದುಕೊಂಡು ಗೋಲಿ ಗಾತ್ರ ಊದಿಸಿಕೊಂಡಳು. ಸೊಸೆಯ ರಜಾ ಮುಗಿಯೋದಕ್ಕೆ ಉಳಿದದ್ದು ಹತ್ತೊಂಬತ್ತು ದಿನ. ಅವಳ ತಾಯಿ ವರಲಕ್ಷ್ಮಮ್ಮ ಆಂಡರ್ಸನ್‌ಪೇಟೆಯಿಂದ ಫೋನು ಮಾಡಿ, ನಮ್ಮ ಮನೇಲಿ ಆಗಲೇ ಮಕ್ಕಳ ಮ್ಯಾಟು ಹಾಸಿ ಆಯ್ತು, ಮಗೂನ ಇಲ್ಲೇ ಬಿಡು ಅಂದರು. ಸುಮಲತ ನನಗೆ ಬಿಡಿಸಿ ಹೇಳಿದಳು. ರಜಾ ಮುಗಿಯೋ ಭಾನುವಾರದೊಳಗೆ ನಮ್ಮ ನಡುಮನೆಗೆ ಮಗು ಬಾಯಿಗಿಟ್ಟರೂ ಏನೂ ಆಗದಂಥ ಮ್ಯಾಟು ಬಿದ್ದರೆ ಲಿಖಿತ ನನ್ನ ಹತ್ತಿರ. ಇಲ್ಲದಿದ್ದರೆ ಸೋಮವಾರದಿಂದ ಆಂಡರ್ಸನ್‌ಪೇಟೆ, ಇಲ್ಲಿಗೆ ಬರೋದು ಭಾನುವಾರಕ್ಕೊಂದು ಸಲ.

ಭಾನುವಾರಕ್ಕೊಂದು ಸಲ ಬರೋದಕ್ಕೆ ಮೊಮ್ಮಗಳೇನು ಕೋಳಿ ಸಾರೇ?

ನಾನು ಹಳೇ ಸೀರೆ ಐದು ಮಡಿಕೆ ಹಾಕಿ ಹೊಲಿದ ಬೊಂತೆ ತಂದು ಹಾಸಿದೆ. ಕಲ್ಲಿನ ಮೇಲೆ ಜಾರುತ್ತದೆ, ಒಳಗೆ ಧೂಳು ಕೂರುತ್ತದೆ ಅಂದಳು. ಇದರ ಮೇಲೇ ಶ್ರೀಧರ ಬೆಳೆದದ್ದು ಅಂದೆ. ಅವಳು ಶ್ರೀಧರನನ್ನು ಒಂದು ಸಲ ನೋಡಿದಳು. ನಾನು ಬೊಂತೆ ಮಡಚಿಟ್ಟೆ. ಮಾರನೇ ದಿನ, ಹಸು ಮಲಗೋದಕ್ಕೆ ಡೈರಿಯವರು ಕೊಡೋ ಕರೀ ರಬ್ಬರ್ ಮ್ಯಾಟು ಹೇಗೆ ಅಂತ ಕೇಳಿದೆ. ಎಂಟು ನೂರು ಕೆಜಿ ಮಲಗಿದರೂ ಹರಿಯಲ್ಲ ಅಂದೆ. ಮೂರು ದಿನ ಮಾತು ಬಿಟ್ಟಳು.

ಆಮೇಲೆ ಫೋನಿನಲ್ಲಿ ಮ್ಯಾಟು ತರಿಸೋದಕ್ಕೆ ಕೂತಳು. ನಾನೂ ಪಕ್ಕದಲ್ಲಿ ಕೂತೆ. ನನಗೆ ಓದು ಅಷ್ಟಕ್ಕಷ್ಟೆ, ಒಂದೊಂದೇ ಅಕ್ಷರ ಕೂಡಿಸಿಕೊಂಡು ಹೋಗುತ್ತೇನೆ, ಆದರೆ ಬಿಡೋಳಲ್ಲ. ಎಲ್ಲದರ ಮೇಲೂ ವಿಷ ಇಲ್ಲ, ವಿಷ ಇಲ್ಲ ಅಂತಲೇ ಬರೆದಿತ್ತು. ಸಂತೆಯಲ್ಲಿ ಯಾರಾದರೂ ಕುಂಬಳಕಾಯಿ ಮೇಲೆ ವಿಷ ಇಲ್ಲ ಅಂತ ಬರೆದು ಇಟ್ಟರೆ ನೀವು ತಗೋತೀರಾ? ಸುಮಲತ ಇನ್ನೂ ಏನೇನೋ ನೋಡಿದಳು. ಅಕ್ಷರ ಕತ್ತರಿಸಿ ಜೋಡಿಸೋ ಮ್ಯಾಟು ಬೇಡ, ಮಗು ಕಿತ್ತು ನುಂಗುತ್ತದೆ. ತೀರಾ ತೆಳ್ಳಗೆ ಬೇಡ. ಬಿಚ್ಚಿದ ಕೂಡಲೇ ಸೀಮೆಎಣ್ಣೆ ಥರ ವಾಸನೆ ಬಂದರೆ ಬೇಡ. ಬಿಪಿಎ ಇರಬಾರದು ಅಂದಳು. ಈ ಮನೇಲಿ ಬಿ.ಪಿ. ಇರೋದು ನನಗೊಬ್ಬಳಿಗೆ, ಮಾತ್ರೆ ತಗೋತಾ ಇದ್ದೀನಲ್ಲಮ್ಮ ಅಂದೆ. ಅದು ಬೇರೆಯಂತೆ, ಪ್ಲಾಸ್ಟಿಕ್ಕಿಗೆ ಹಾಕೋ ಕೆಮಿಕಲ್ಲಂತೆ.

ಮೊದಲನೇ ಮ್ಯಾಟು ಬಂತು. ನೀಲಿ ಬಣ್ಣ, ಮೇಲೆ ಆನೆಗಳು. ಮೂಸಿದಳು, ಹಿಂಡಿದಳು, ಬಿಸಿನೀರಲ್ಲಿ ಒರೆಸಿದಳು. ಎಲ್ಲ ಸರಿಯಾಯಿತು. ಆದರೂ ಮುಖದ ಗಂಟು ಬಿಚ್ಚಲಿಲ್ಲ. "ಅರ್ಧ ಗಂಟೆ ಚಪ್ಪರಿಸಿದ್ರೆ ಏನಾಯ್ತದೆ ಅಂತ ಯಾರೂ ಬರೆದಿಲ್ವಲ್ಲ ಅತ್ತೆ" ಅಂದಳು.

ಆಗ ನನಗೆ ಹೊಳೆಯಿತು. ಮಗುವಿಗೆ ಹಲ್ಲಿಲ್ಲ. ನನಗೂ ಇಲ್ಲ. ಅದರ ವಸಡು, ನನ್ನ ವಸಡು, ಎರಡೂ ಒಂದೇ ಕಂಪನಿ ಮಾಲು. ದೇವರು ಸುಮ್ಮಸುಮ್ಮನೆ ಯಾರ ಹಲ್ಲನ್ನೂ ಕೀಳೋದಿಲ್ಲ.

ಸೊಸೆಗೆ ಹೇಳಲಿಲ್ಲ. ಅವಳು ಮಗು ಮಲಗಿಸೋ ಹೊತ್ತಿಗೆ ಕ್ರಮವಾಗಿ ಪರೀಕ್ಷೆ ಮಾಡಿದೆ. ಮಧ್ಯಾಹ್ನ ಮುದ್ದೆ ಊಟ. ಊಟ ಆದ ಮೇಲೆ ನನ್ನ ಪುಟ್ಟ ಒರಳಿನಲ್ಲಿ ಎಲೆ ಅಡಿಕೆ ಕುಟ್ಟಿ ಹಾಕಿಕೊಂಡು, ರಸ ಮುಗಿದ ಮೇಲೆ ಉಗಿದು, ಬಾಯಿ ಖಾಲಿ ಮಾಡಿಕೊಂಡೆ. ಗಡಿಯಾರದ ದೊಡ್ಡ ಮುಳ್ಳು ಹನ್ನೆರಡಕ್ಕೆ ಬಂದಾಗ ಮ್ಯಾಟಿನ ಮೂಲೆ ಬಾಯೊಳಗೆ, ಆರಕ್ಕೆ ಬಂದಾಗ ಹೊರಗೆ. ನಡುವೆ ಮಾತಿಲ್ಲ. ಆಮೇಲೆ ಒಗೆದ ಬಿಳೀ ಬಟ್ಟೆ ತಗೊಂಡು ಮೂಲೆ ಒರೆಸಿದೆ.

ಕೆಂಪು. ಬಟ್ಟೆ ಮೇಲೆ ಅಂಗೈಯಗಲ ಕೆಂಪು. ನಾಲಿಗೆ ಕೂಡ ಸ್ವಲ್ಪ ಚುರುಚುರು ಅನ್ನುತ್ತಿತ್ತು.

ಬಟ್ಟೆ ನೋಡಿ ಸುಮಲತ ಗೋಡೆಗೆ ಒರಗಿದಳು. ಮೊದಲು ನನ್ನನ್ನು ಬೈದಳು, ಈ ವಯಸ್ಸಿನಲ್ಲಿ ಮ್ಯಾಟು ತಿಂತೀರಾ ಅಂತ. ಆಮೇಲೆ ನನ್ನ ಕೈ ಹಿಡಿದುಕೊಂಡು ಕಣ್ಣಲ್ಲಿ ನೀರು ಹಾಕಿಕೊಂಡಳು. ಮದುವೆಯಾಗಿ ನಾಲ್ಕು ವರ್ಷದಲ್ಲಿ ಅವಳು ನನ್ನ ಕೈ ಹಿಡಿದದ್ದು ಅದೇ ಮೊದಲು. (ಅದಕ್ಕೆ ಮುಂಚೆ ಹಿಡಿದದ್ದು ನನ್ನ ಕೈಯಲ್ಲಿದ್ದ ಉಪ್ಪಿನ ಡಬ್ಬಿ.)

ಎರಡನೇ ಮ್ಯಾಟು ಹಸಿರು. ಅದೇ ಕ್ರಮ, ಅದೇ ಗಡಿಯಾರ. ಕೆಂಪು ಬಿಟ್ಟಿತು. ಹಸಿರಿನ ಅಡಿ ಕೆಂಪು ಬಚ್ಚಿಟ್ಟಿದ್ದಾರಲ್ಲ, ಎಂಥ ಖದೀಮರು ಅಂದುಕೊಂಡೆ. ಮೂರನೇದು ಹಾಲಿನಂಥ ಬಿಳಿ. ಅದೂ ಕೆಂಪು ಬಿಟ್ಟಿತು. ವಾಪಸ್ಸು ತಗೊಂಡು ಹೋಗೋದಕ್ಕೆ ಬಂದ ಕೊರಿಯರ್ ವೇಣು, ನಿಮ್ಮನೆ ಮ್ಯಾಟಿಗೆ ಮಾತ್ರ ಯಾಕಮ್ಮ ಮೂಲೆ ಒದ್ದೆ ಇರುತ್ತೆ ಅಂತ ಕೇಳಿದ. ಅದು ಲ್ಯಾಬ್ ವಿಷಯ, ನಿನಗೆ ತಿಳಿಯಲ್ಲ ಅಂದೆ.

ಸುದ್ದಿ ನಿಲ್ಲಲಿಲ್ಲ. ಎದುರು ಮನೆ ರಾಧಾಮಣಿ ತನ್ನ ಮೊಮ್ಮಗನ ಮ್ಯಾಟು ಸುತ್ತಿಕೊಂಡು ಬಂದಳು. ಫೇಲು. ಹಿಂದಿನ ಬೀದಿ ಅಕ್ಕಯ್ಯಮ್ಮ ಪ್ಲಾಸ್ಟಿಕ್ ಗಿಳಿ ತಂದಳು. ಕೊಕ್ಕಿನಿಂದ ಬಾಲದವರೆಗೆ ಫೇಲು. ಶುಕ್ರವಾರ ನಮ್ಮ ಜಗಲಿ ಮೇಲೆ ಐದು ಜನ ಕಾಯುತ್ತಿದ್ದರು. ದಿನಕ್ಕೆ ಎರಡೇ ಸ್ಯಾಂಪಲ್, ಊಟ ಆದ ಮೇಲೊಂದು, ಟೀ ಆದ ಮೇಲೊಂದು, ಎರಡಕ್ಕೂ ಮುಂಚೆ ಎಲೆ ಅಡಿಕೆ ಹಾಕಿ ಬಾಯಿ ಶುದ್ಧ ಮಾಡಿಕೊಳ್ಳಬೇಕು, ಅವಸರ ಪಡಬೇಡಿ ಅಂದೆ. ಕೊನೆಗೆ ಮುನಿಸ್ವಾಮಪ್ಪನೇ ಹಸುವಿನ ರಬ್ಬರ್ ಮ್ಯಾಟಿನ ತುಂಡು ಹಿಡಿದುಕೊಂಡು ಬಂದ, ಕರು ನೆಕ್ಕುತ್ತದಕ್ಕ, ಒಂದು ಸಲ ನೋಡಿ ಅಂತ. ಕರೀ ರಬ್ಬರ್ ಕೂಡ ಕೆಂಪು ಬಿಟ್ಟಿತು. ಅವನು ಡೈರಿ ಗೋಡೌನಿನಲ್ಲಿದ್ದ ಇಪ್ಪತ್ತೆರಡು ಮ್ಯಾಟಿಗೆ ಬೀಗ ಹಾಕಿಸಿ, ಹಂಚಿಕೆ ನಿಲ್ಲಿಸಿದೆ ಅಂತ ಬೋರ್ಡ್ ಬರೆಸಿದ.

ಹನ್ನೊಂದು ಸ್ಯಾಂಪಲ್, ಹನ್ನೊಂದೂ ಫೇಲು. ಶನಿವಾರ ಸಾಯಂಕಾಲ ನನಗೆ ಲೆಕ್ಕ ಹೊಳೆಯಿತು. ನಾನು ಫೇಲು ಮಾಡಿದಷ್ಟೂ ಲಿಖಿತ ಆಂಡರ್ಸನ್‌ಪೇಟೆಗೆ ಹತ್ತಿರ ಆಗುತ್ತಿದ್ದಳು. ಒಂದನ್ನ ಸುಳ್ಳೇ ಪಾಸು ಮಾಡಿಬಿಡೋಣವಾ ಅನ್ನಿಸಿತು. ಮಗು ನನ್ನ ಸೆರಗಿನ ತುದಿ ಚೀಪುತ್ತಾ ಮಡಿಲಲ್ಲಿ ಕೂತಿತ್ತು. ನಲವತ್ತೊಂದು ವರ್ಷ ಹಾಲಿಗೆ ನೀರು ಬೆರೆಸದವಳು ಈ ಬಾಯಲ್ಲಿ ಸುಳ್ಳು ಹೇಳಲಾ? ಹೇಳಲಿಲ್ಲ. ಆ ರಾತ್ರಿ ನಾನು ಊಟ ಮಾಡಲಿಲ್ಲ.

ಭಾನುವಾರ ಹತ್ತು ಗಂಟೆಗೆ ವರಲಕ್ಷ್ಮಮ್ಮ ಆಟೋದಲ್ಲಿ ಬಂದಿಳಿದರು, ಮಗೂನ ಕರೆದುಕೊಂಡು ಹೋಗೋದಕ್ಕೆ. ಕಂಕುಳಲ್ಲಿ ಒಂದು ಮ್ಯಾಟು. ತಮ್ಮ ಮನೆಯಲ್ಲಿ ಹಾಸಿರೋದೂ ಇಂಥದ್ದೇ, ಜೋಡಿ ತಗೊಂಡಿದ್ದು, ನೋಡಲಿ ಅಂತ ಒಂದು ತಂದಿದ್ದರು. ನನ್ನ ಬೀಗಿತ್ತಿಗೆ ಮೂವತ್ತೆರಡು ಹಲ್ಲೂ ಇವೆ. ಇವೆ ಅಂತ ಎಲ್ಲರಿಗೂ ಗೊತ್ತಿರಲಿ ಅಂತಲೇ ನಗುತ್ತಾರೆ.

"ಎನ್ನಕ್ಕಾ ಇದು, ಊರಿನ ಮ್ಯಾಟೆಲ್ಲ ನಿಮ್ಮ ಬಾಯಲ್ಲೇ ಅಂತೆ?" ಅಂತ ತಮ್ಮೂರಿನ ತಮಿಳು ಬೆರೆಸಿ ಕೇಳಿದರು.

"ನಿಮ್ದೂ ಕೊಡಿ, ನೋಡೇ ಬಿಡಾನ" ಅಂದೆ.

ಹೊಟ್ಟೆಗೆ ತಿಂಡಿ, ಬಾಯಿಗೆ ಎಲೆ ಅಡಿಕೆ, ಉಗಿಯೋದು, ಗಡಿಯಾರ. ಸುಮಲತ, ಶ್ರೀಧರ, ರಾಧಾಮಣಿ, ಬೋರ್ಡ್ ವಿಚಾರ ಮಾತಾಡೋದಕ್ಕೆ ಬಂದಿದ್ದ ಮುನಿಸ್ವಾಮಪ್ಪ, ಎಲ್ಲರೂ ನನ್ನ ಬಾಯಿ ನೋಡುತ್ತಾ ಕೂತರು. ಅರ್ಧ ಗಂಟೆಗೆ ಒರೆಸಿದೆ. ಕೆಂಪು.

ನನಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ. ಅವರ ಮನೆ ಮ್ಯಾಟೂ ಫೇಲಾದ ಮೇಲೆ ಮಗು ಅಲ್ಲಿಗೆ ಹೋಗೋದಾದರೂ ಹೇಗೆ? ಆದರೆ ವರಲಕ್ಷ್ಮಮ್ಮ ಸುಮ್ಮನಿರೋ ಪೈಕಿಯಲ್ಲ. ಇನ್ನೊಂದು ಮೂಲೆ ಎತ್ತಿ ತಾವೇ ಬಾಯಿಗಿಟ್ಟುಕೊಂಡರು. ಗಡಿಯಾರ ನೋಡಿ ಪೂರ್ತಿ ಅರ್ಧ ಗಂಟೆ, ನನ್ನನ್ನೇ ದುರುಗುಟ್ಟಿಕೊಂಡು. ಒರೆಸಿದರೆ ಬಟ್ಟೆ ಮಲ್ಲಿಗೆ ಹೂವಿನ ಹಾಗೆ ಬೆಳ್ಳಗಿತ್ತು.

ಹಲ್ಲಿರೋರ ಬಾಯಿ ಲೆಕ್ಕಕ್ಕೆ ಬರಲ್ಲ ಅಂತ ನಾನು ವಾದಿಸಿದೆ. ಹಲ್ಲಿಲ್ಲದೋರ ಬಾಯಿಗೆ ಬಾಗಿಲಿಲ್ಲ, ಏನು ಬೇಕಾದರೂ ಹೇಳುತ್ತೆ ಅಂತ ಅವರು. ನಾವಿಬ್ಬರೂ ಮ್ಯಾಟಿನ ಒಂದೊಂದು ತುದಿ ಹಿಡಿದುಕೊಂಡು ನಿಂತಿದ್ದೆವು. ಲಿಖಿತ ನಡುವೆ ಜೋಕಾಲಿ ಅಂದುಕೊಂಡು ಕೇಕೆ ಹಾಕಿದಳು.

ಸುಮಲತ ಎದ್ದು ಒಳಗೆ ಹೋದಳು. ಕುದಿಯೋ ನೀರಲ್ಲಿ ಅದ್ದಿದ ಸ್ಟೀಲ್ ಚಮಚ ತಂದು, ಆರಿಸಿ, ನನ್ನ ಕೈಗೆ ಕೊಟ್ಟಳು.

"ಅತ್ತೆ, ಇದನ್ನ ಬಾಯಲ್ಲಿ ಇಕ್ಕೊಳಿ."

ಇಟ್ಟುಕೊಂಡೆ. ಐದು ನಿಮಿಷಕ್ಕೆ ತೆಗೆದು ಅವಳೇ ಒರೆಸಿದಳು. ಬಟ್ಟೆ ಕೆಂಪಾಯಿತು.

"ಸ್ಟೀಲೂ ಬಣ್ಣ ಬಿಡ್ತದಾ?" ಅಂದೆ.

ಎಲ್ಲರೂ ಮೊದಲು ಚಮಚ ನೋಡಿದರು, ಆಮೇಲೆ ನನ್ನ ಪಕ್ಕದಲ್ಲಿದ್ದ ಒರಳು ನೋಡಿದರು, ಆಮೇಲೆ ನನ್ನನ್ನ ನೋಡಿದರು. ನಾನೂ ಅದೇ ಕ್ರಮದಲ್ಲಿ ನೋಡಿದೆ. ಎಲೆ, ಅಡಿಕೆ, ಸುಣ್ಣ. ಐವತ್ತು ವರ್ಷದಿಂದ ಊರಿದ್ದು. ಸುಣ್ಣದ ಚುರುಚುರು ಕೂಡ ನನ್ನದೇ.

ಮುನಿಸ್ವಾಮಪ್ಪ ಗಂಟಲು ಸರಿ ಮಾಡಿಕೊಂಡ. ಹದಿನೆಂಟು ವರ್ಷ ಕಾದ ಮನುಷ್ಯ, ಅವಸರ ಮಾಡಲಿಲ್ಲ.

"ಅಕ್ಕ," ಅಂದ, "ಬಾಟ್ಲು ಸರಿಯಾಗಿ ಇಕ್ಕೊಳ್ದೆ ಆಲಿನ ಮೇಲೆ ತಪ್ಪು ಒರಿಸ್ಬಾರ್ದಂತೆ. ಯಾರೋ ದೊಡ್ಡೋರು ಏಳಿದ್ರು."

ಅವನು ಬೋರ್ಡ್ ಅಳಿಸೋದಕ್ಕೆ ಹೊರಟ. ಆಗಲೂ ಅವನು ಜೋರಾಗಿ ನಗಲಿಲ್ಲ, ಆದರೆ ಬೈಕ್ ಸ್ಟಾರ್ಟ್ ಮಾಡೋದಕ್ಕೆ ಬಹಳ ಹೊತ್ತು ತಗೊಂಡ.

ತೀರ್ಪು ಸುಮಲತನೇ ಕೊಟ್ಟಳು. ಬಂದ ಮ್ಯಾಟೆಲ್ಲ ಚೆನ್ನಾಗಿಯೇ ಇದ್ದವು. ಮನೆಯಲ್ಲಿ ಬಣ್ಣ ಬಿಡೋ ವಸ್ತು ಒಂದೇ, ಅದು ನಾನು. ಅಮ್ಮ ತಂದ ಮ್ಯಾಟು ತೊಳೆದು ಇಲ್ಲೇ ಹಾಸುತ್ತೇನೆ, ಮಗು ಇಲ್ಲೇ ಇರಲಿ, ಆದರೆ ಅದಕ್ಕೆ ಮುತ್ತು ಕೊಡೋ ಬಾಯಿ ಇದು ಅಂದಳು. "ಎಲೆ ಅಡಿಕೆನಾ, ಲಿಖಿತನಾ? ಒಂದೇಳಿ ಅತ್ತೆ."

ಒರಳು ಅಟ್ಟಕ್ಕೆ ಹೋಯಿತು. ನಾನೇ ಏಣಿ ಹಿಡಿದುಕೊಂಡೆ, ಶ್ರೀಧರ ಹತ್ತಿದ.

ಕಥೆ ಇಲ್ಲಿಗೆ ಮುಗಿದಿದ್ದರೆ ನನ್ನ ಮರ್ಯಾದೆ ಅಷ್ಟಾದರೂ ಉಳಿಯುತ್ತಿತ್ತು. ಸುಮಲತ ಕೆಲಸಕ್ಕೆ ಹೋಗೋದಕ್ಕೆ ಶುರು ಮಾಡಿ ಒಂಬತ್ತನೇ ದಿನ, ಸಾಯಂಕಾಲ ಮನೆಗೆ ಬಂದವಳು ಮ್ಯಾಟು ಎತ್ತಿ ಒರೆಸುತ್ತಾ ಮೂಲೆ ಎಣಿಸಿದಳು. ಮೂರೇ ಇದ್ದವು. ನಾಲ್ಕನೇದು ಎಲೆಯಷ್ಟಗಲ ಮಾಯ. ಲಿಖಿತಳ ಬಾಯಿ ಬಿಡಿಸಿದರೆ ಕೆಳಗಡೆ ಎರಡು ಹಲ್ಲು, ಅಕ್ಕಿ ನುಚ್ಚಿನಷ್ಟು. ಅವಳಿಗೆ ಸಂತೋಷ ಪಡಬೇಕೋ ಅಳಬೇಕೋ ತಿಳಿಯಲಿಲ್ಲ. ಮಗು ಮ್ಯಾಟು ನುಂಗಿಬಿಟ್ಟಿದೆ, ಬೈಕ್ ತೆಗೀರಿ, ಆಸ್ಪತ್ರೆಗೆ ಹೋಗೋಣ ಅಂತ ಶ್ರೀಧರನನ್ನು ಕೂಗಿದಳು. ಅವನು ಒಂದು ಕಾಲಿಗೆ ಚಪ್ಪಲಿ ಹಾಕಿ ಆಗಿತ್ತು.

ಮಗುವಿನ ಮೇಲೆ ತಪ್ಪು ಹೊರಿಸಬಾರದಲ್ಲ. ನಾನು ಸೆರಗಿನ ಗಂಟು ಬಿಚ್ಚಿ ತುಂಡನ್ನು ಅವಳ ಕೈಗಿಟ್ಟೆ. ಇನ್ನೂ ಒದ್ದೆಯಾಗಿತ್ತು.

"ಎಲೆ ಅಡಿಕೆ ಬಿಟ್ಮೇಲೆ ಬಾಯಿ ಸುಮ್ನೆ ಇರ್ತಿರ್ಲಿಲ್ಲ ಕಣಮ್ಮ, ಕತ್ರೀಲಿ ಕುಯ್ಕೊಂಡೆ" ಅಂದೆ. "ದಿನಾ ತೊಳ್ದೇ ಇಕ್ಕೊಂತಿದ್ದೆ."

ಆಂಡರ್ಸನ್‌ಪೇಟೆಯಲ್ಲಿ ವರಲಕ್ಷ್ಮಮ್ಮ ನಕ್ಕದ್ದು ಫೋನಿಲ್ಲದೆಯೂ ಕೇಳಿಸುತ್ತಿತ್ತು.

ಮುಂದಿನ ವಾರ ವೇಣು ಒಂದು ಪುಟ್ಟ ಡಬ್ಬಿ ತಂದುಕೊಟ್ಟ. ಒಳಗೆ ಹಲ್ಲು ಬರೋ ಮಕ್ಕಳು ಕಚ್ಚೋ ರಬ್ಬರ್ ಉಂಗುರ, ಎರಡು. ಸುಮಲತ ದಿನಾ ಬೆಳಿಗ್ಗೆ ಎರಡನ್ನೂ ಬಿಸಿನೀರಲ್ಲಿ ಕುದಿಸಿ, ಒಂದೇ ತಟ್ಟೆಯಲ್ಲಿ ಆರಿಸಿ, ಆಮೇಲೆ ಕೆಲಸಕ್ಕೆ ಹೋಗುತ್ತಾಳೆ. ಆರು ತಿಂಗಳು ತುಂಬಿದವರಿಗೆ ಮಾತ್ರ ಅಂತ ಡಬ್ಬಿ ಮೇಲೆ ಬರೆದಿದೆ, ಅಕ್ಷರ ಕೂಡಿಸಿಕೊಂಡು ನಾನೇ ಓದಿದೆ. ನನಗೆ ಅರವತ್ತೊಂಬತ್ತು ವರ್ಷ ಮೂರು ತಿಂಗಳು ತುಂಬಿದೆ.

ಹಳದಿ ಉಂಗುರ ಲಿಖಿತಳದು. ನೀಲಿ ನನ್ನದು.